ರುಬಿಯೆಲಾ ಸುತ್ತಿದ ಪಟ್ಟಿ

ನನ್ನ ಮಗ ಹಾಯ್ರೊನ ಬೆರಳುಗಳಿಗೆ ಬಲವಿಲ್ಲ, ಸ್ಪರ್ಶವೂ ತಿಳಿಯದು. ಗಾಲಿಕುರ್ಚಿ ಟೆನಿಸ್ ಆಡುವಾಗ ರಾಕೆಟ್ಟನ್ನು ಅವನ ಕೈಗೆ ಪಟ್ಟಿ ಸುತ್ತಿ ಕಟ್ಟಬೇಕು. ಅದು ನನ್ನ ಹೆಂಡತಿ ದೆಲ್ಮಿರಾಳ ಕೆಲಸವಾಗಿತ್ತು. ಅವಳನ್ನು ದೇವರು ಕರೆದುಕೊಂಡು ಒಂದು ತಿಂಗಳಾಗಿತ್ತು. ನನಗೆ ಕಟ್ಟಿ ಅಭ್ಯಾಸವಿರಲಿಲ್ಲ. ಹಾಗಾಗಿ ಮೆಡೆಲಿನ್ ನಗರದ ಫೈನಲ್ ದಿನ ತಾನಾಗಿ ಮುಂದೆ ಬಂದು ಪಟ್ಟಿ ಕಟ್ಟಿದವಳು ಎದುರಾಳಿಯ ತಾಯಿ ರುಬಿಯೆಲಾ. ಗೆದ್ದವನಿಗೆ ಮಾತ್ರ ಕೊಲಂಬಿಯಾ ತಂಡದಲ್ಲಿ ಜಾಗ.

ಅವಳು ತನ್ನ ಬೆರಳನ್ನು ಪಟ್ಟಿಯೊಳಗಿಟ್ಟು ಸುತ್ತಿ, ಆಮೇಲೆ ಮೆಲ್ಲಗೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಮೊದಲ ಸೆಟ್‌ನಲ್ಲಿ ರಾಕೆಟ್ ಅವನ ಕೈಯಲ್ಲೇ ಎರಡು ಸಲ ತಿರುಗಿತು. ಹಾಯ್ರೊ ಆ ಸೆಟ್ ಸೋತ.

"ಬೇಕಂತಲೇ ಸಡಿಲ ಬಿಟ್ಟೆಯಾ?" ಎಂದೆ.

"ಹೌದಣ್ಣ, ನಿಮ್ಮ ಬಾಯಿಗೂ ಒಂದು ಸುತ್ತು ಹಾಕಬೇಕಿತ್ತು," ಎಂದಳು.

ಸಿಟ್ಟಿನಿಂದ ನಾನೇ ಬಿಚ್ಚಿ ಬಿಗಿಯಾಗಿ ಸುತ್ತಿದೆ. ಎರಡನೆಯ ಸೆಟ್ ಹಾಯ್ರೊ ಗೆದ್ದ. ಆದರೆ ರುಬಿಯೆಲಾ ಓಡಿಬಂದು ಪಟ್ಟಿ ಕತ್ತರಿಸಿದಳು. ಅವನ ಬೆರಳುಗಳು ನೇರಳೆಗಟ್ಟಿದ್ದವು. ಅವನಿಗೆ ಗೊತ್ತೇ ಆಗಿರಲಿಲ್ಲ.

"ರಕ್ತ ಹರಿಯೋಕೆ ಒಂದು ಬೆರಳಷ್ಟು ಜಾಗ ಬಿಡು ಅಂತ ದೆಲ್ಮಿರಕ್ಕನೇ ಆಸ್ಪತ್ರೆಯಲ್ಲಿ ಮಲಗಿಕೊಂಡು ಕಲಿಸಿದ್ದು. ನೀವು ಯಾವತ್ತೂ ನೋಡಲಿಲ್ವಾ?"

ನೋಡಿರಲಿಲ್ಲ. ದೆಲ್ಮಿರಾ ಕಟ್ಟುವಾಗ ನಾನು ಕಣ್ಣು ಮುಚ್ಚಿ ಜಪಮಾಲೆ ಎಣಿಸುತ್ತಿದ್ದೆ.

"ಕೊನೆಯ ಸೆಟ್‌ಗೆ ನೀನೇ ಕಟ್ಟಮ್ಮ," ಎಂದು ಪಟ್ಟಿಯ ಸುರುಳಿ ಕೊಟ್ಟೆ. ಈ ಸಲ ಕಣ್ಣು ತೆರೆದುಕೊಂಡೇ ಪ್ರಾರ್ಥಿಸಿದೆ.