ತಟ್ಟುವ ಗುಂಡಿ

"ಒದೀರಿ ಅಂಕಲ್, ಒದ್ರೆ ತೆರ್ಕೊಳ್ಳುತ್ತೆ," ಎಂದಳು ಬಡಗಿಯ ಮಗಳ ಜೊತೆ ಕಂಪ್ಯೂಟರ್ ಆಟ ತಯಾರಿಸುತ್ತಿದ್ದ ಹುಡುಗಿ.

ಬಡಗಿ ಕೀಲಿಮಣೆಯಿಂದ ಕೈ ತೆಗೆದ. ಪರದೆಯ ಮೇಲೆ ಅವನು ನಡೆಸುತ್ತಿದ್ದ ಮುದಿ ದಾರಿಹೋಕ ಒಂದು ಮರದ ಬಾಗಿಲ ಮುಂದೆ ನಿಂತಿದ್ದ.

"ನಲವತ್ತು ವರ್ಷ ಬಾಗಿಲು ಮಾಡ್ಕೊಂಡು ಬಂದೋನಿಗೆ ಒದಿ ಅಂತೀಯಲ್ಲಮ್ಮ. ಈ ಬಾಗಿಲ ಪಟ್ಟಿ ಕೂಡ್ಸಿರೋದೇ ತಪ್ಪು. ಆದ್ರೂ ಒದೆಯೋಕೆ ಮನಸ್ಸು ಬರಲ್ಲ."

ಹುಡುಗಿ ನಕ್ಕಳು. "ಆಡೋರೆಲ್ಲ ಒದ್ದೇ ಹೋಗ್ತಾರೆ. ಅದಕ್ಕೇ ತಟ್ಟೋ ಗುಂಡೀನ ಇವತ್ತು ತೆಗೆದುಹಾಕ್ತಿದೀವಿ. ಇನ್ನೂರು ಜನ ಆಡಿ ನೋಡಿದ್ರು, ಒಬ್ಬರೂ ಮುಟ್ಲಿಲ್ಲ."

ಮಗಳು ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಗುಂಡಿಗಾಗಿ ಅವಳು ಕಚೇರಿಯಲ್ಲಿ ಜಗಳವಾಡಿದ್ದಳಂತೆ. ತಟ್ಟಿದರೆ ಓಗೊಡದ ಮನೆ ಬರೀ ಚಿತ್ರ ಎಂದಿದ್ದಳಂತೆ. ತೆಗೆಯುವುದೇ ಆದರೆ ಅಪ್ಪ ಒಮ್ಮೆ ಆಡಿದ ಮೇಲೆ ತೆಗೆಯಿರಿ ಎಂದು ಮಾತು ತೆಗೆದುಕೊಂಡಿದ್ದಳು. ಆ ಮಾತು ಉಳಿಸಿಕೊಳ್ಳಲು ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು. ಕೆಲಸದ ಮೇಜಿನ ಮರದ ಹೊಟ್ಟನ್ನು ಬಡಗಿ ತೋಳಿನಿಂದಲೇ ಸರಿಸಿ ಜಾಗ ಮಾಡಿಕೊಟ್ಟಿದ್ದ.

"ಯಾವುದಮ್ಮ ಆ ಗುಂಡಿ?"

ಅವಳು ತೋರಿಸಿದಳು. ಬಡಗಿ ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದ. ಟಕ್, ಟಕ್.

"ಯಾರದು?" ಎಂದಿತು ಒಳಗಿನ ದನಿ.

ಮಗಳ ದನಿ.

ಹುಡುಗಿ ಎದ್ದು ನಿಂತಳು. "ಅಂಕಲ್, ದೇವರಾಣೆ ನಂಗೆ ಗೊತ್ತಿರ್ಲಿಲ್ಲ. ದನಿ ಕೊಡೋ ನಟಿ ಬಂದು ಓದೋವರೆಗೂ ಇರ್ಲಿ ಅಂತ ಇವಳೇ ಓದಿಟ್ಟಿದಾಳೆ. ಯಾರೂ ತಟ್ಲೇ ಇಲ್ವಲ್ಲ..."

ಕೊಟ್ಟವನೇ ಕರೆದುಕೊಂಡ ಎಂದು ಬಂದವರಿಗೆಲ್ಲ ಹೇಳಿ ಬಡಗಿಯ ನಾಲಿಗೆ ಸವೆದಿತ್ತು. ಈಗ ಅದನ್ನು ಹೇಳುವ ಬದಲು ಗುಂಡಿಯತ್ತ ಬಾಗಿದ. ಮತ್ತೊಮ್ಮೆ ಒತ್ತಿದ.

"ಕೇಳಿಸ್ತು, ಕೇಳಿಸ್ತು. ಇಷ್ಟು ಮೆಲ್ಲಗೆ ತಟ್ಟೋರು ಈ ಊರಲ್ಲಿ ಒಬ್ರೇ."

ಮೂರನೆಯ ಸಲ ಒತ್ತಿದ.

"ಇರಪ್ಪಾ, ಬಂದೆ!"

"ಆಟದಲ್ಲಿ... ಯಾರಿಗಾದ್ರೂ ಹಂಗೇ ಅನ್ನುತ್ತೆ ಅಂಕಲ್," ಎಂದಳು ಹುಡುಗಿ.

"ಹೂಂ. ಯಾರಿಗಾದ್ರೂ ಅನ್ನೋ ಮಾತೇ."

ಅವಳು ಚೀಲದಿಂದ ತೆಗೆದುಹಾಕಬೇಕಾದವುಗಳ ಪಟ್ಟಿಯನ್ನು ಹೊರಗೆಳೆದಳು. ಬಡಗಿಯ ಕಿವಿಯ ಮೇಲಿದ್ದ ಪೆನ್ಸಿಲನ್ನು ಕೇಳದೆಯೇ ತೆಗೆದುಕೊಂಡು ಒಂದು ಸಾಲನ್ನು ಹೊಡೆದುಹಾಕಿದಳು. "ಗುಂಡಿ ಇರುತ್ತೆ. ದನೀನೂ ಇದೇ ಇರುತ್ತೆ. ಆಫೀಸಿನೋರತ್ರ ನಾನು ಜಗಳ ಆಡ್ತೀನಿ."

ಪೆನ್ಸಿಲನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದಳು, "ಈಗ ತಳ್ಳಿದ್ರೆ ಒಳಗೆ ಹೋಗಬಹುದು, ಅಂಕಲ್."

"ಇರು ಅಂದಿದಾಳಲ್ಲಮ್ಮ."

ಬಡಗಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಪರದೆಯ ಮೇಲೆ ಮುದಿ ದಾರಿಹೋಕ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ಬಾಗಿಲನ್ನೇ ನೋಡುತ್ತ ನಿಂತಿದ್ದ.