ಸಾಹೇಬರು ಬಂದ ದಿನದ ಹೊಗೆ

“ಕುಠೇ ಆಹೇ ಧೂರ?” ಹೊಗೆ ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳುತ್ತ, ಕೊಲ್ಹಾಪುರದ ಮಾಲಿನ್ಯ ನಿಯಂತ್ರಣ ಕಚೇರಿಯಿಂದ ತಪಾಸಣೆಗೆ ಬಂದ ಸಾಹೇಬರು ಚಿಮಣಿಯತ್ತ ಬೆರಳು ತೋರಿಸಿದರು. ಶೆವಂತಾ ಕತ್ತೆತ್ತಿದಳು. ಅವಳು ಇಚಲಕರಂಜಿಗೆ ಬಂದು ಹನ್ನೊಂದು ವರ್ಷ. ನೂಲಿಗೆ ಗಂಜಿ ಹಾಕುವ ಆ ಕಾರಖಾನೆಯಿಂದ ಇಷ್ಟು ತೆಳ್ಳನೆಯ, ಬೆಳ್ಳನೆಯ ಹೊಗೆ ಬಂದದ್ದನ್ನು ಕಂಡೇ ಇರಲಿಲ್ಲ.

“ನಿನ್ನೀತನಾ ಕರ್ರಗ ಬರತಿತ್ರಿ ಸಾಹೇಬ. ಇವತ್ತ ಹೆಂಗಾತೋ...” ಗಡಿಬಿಡಿಯಲ್ಲಿ ಅವಳ ಬಾಯಿಗೆ ಕನ್ನಡವೇ ಬಂತು.

ಹೊಗೆಯ ವಿರುದ್ಧ ಓಣಿಯ ಹೆಂಗಸರು ಕೊಟ್ಟ ಅರ್ಜಿಯಲ್ಲಿ ಮೊದಲ ಸಹಿ ಅವಳದೇ. ಮಗಳು ಮೋನಾಲಿಗೆ ಉಬ್ಬಸ. ಆದರೆ ಅದೇ ಕಾರಖಾನೆಯ ಬಾಯ್ಲರಿಗೆ ಉರುವಲು ಹಾಕುವವನು ಗಂಡ ಗುಂಡು. ಸಹಿ ಹಾಕಿದ ಮೇಲೆ ಎರಡು ದಿನ ಅವನ ಬುತ್ತಿ ತೆರೆಯದೆ ಮರಳಿತ್ತು.

ಸಾಹೇಬರು ಏನೋ ಬರೆದುಕೊಂಡು ಹೋದರು. ಸಂಜೆ ಮೋನಾಲಿ ಓಣಿಯಲ್ಲಿ ಹಗ್ಗ ಜಿಗಿದಳು. ಮೂವತ್ತಾಯಿತು, ನಲವತ್ತಾಯಿತು, ಎದೆ ಸೀಟಿ ಹೊಡೆಯಲಿಲ್ಲ. ಶೆವಂತಾಳಿಗೆ ಹಿಗ್ಗಾಯಿತು. ಹಿಂದೆಯೇ ಕಣ್ಣು ಮತ್ತೆ ಆ ಬಿಳಿ ಹೊಗೆಯತ್ತ ಹೋಯಿತು.

ಗುಂಡು ಊಟಕ್ಕೆ ಕುಳಿತಾಗ ಕೇಳಿದಳು, “ಇವತ್ತ ಏನ ಹಾಕಿದ್ರಿ?”

“ಒಣಾ ಕಟ್ಟಿಗಿ. ಸಾಹೇಬ್ರು ಬರೋದು ಮಾಲಕರಿಗೆ ಮೊದಲ ಗೊತ್ತಿತ್ತು.”

“ಅಂದ್ರ ದಿನಾ ಹಿಂಗ ಉರಸಾಕ ಬರತಿತ್ತು?”

“ಬರತಿತ್ತು.” ಅವನು ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. “ಅವರ ಏನ ಕೊಡ್ತಾರ ಅದನ್ನ ಹಾಕ್ತೇನಿ. ನಾ ಒಲ್ಲೆ ಅಂದ್ರ ಇನ್ನೊಬ್ಬ ಬಂದು ಹಾಕ್ತಾನ.”

ಅದು ಸುಳ್ಳಲ್ಲ. ಮಗಳಿಗೆ ಉಸಿರು ಸಿಕ್ಕಿಕೊಂಡಾಗ ಗಂಟೆಗಟ್ಟಲೆ ಬೆನ್ನು ನೀವುವ ಕೈಗಳೂ ಇವೇ. ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಮರುದಿನ ಚಿಮಣಿ ಮತ್ತೆ ಕಪ್ಪು ಉಗುಳಿತು. ಮಧ್ಯಾಹ್ನ ಬುತ್ತಿ ಕೊಡಲು ಹೋದ ಶೆವಂತಾ ಬಾಯ್ಲರಿನ ಹಿಂದಿನ ರಾಶಿ ನೋಡಿದಳು. ಹರಿದ ಚಪ್ಪಲಿ, ರೆಕ್ಸಿನ್ ಚೂರು, ಪ್ಲಾಸ್ಟಿಕ್. ಕಟ್ಟಿಗೆಯ ಸುಳಿವಿಲ್ಲ. ಡಬ್ಬಿ ಕೆಳಗಿಟ್ಟು ಕೈಚೀಲಕ್ಕೆ ಅದನ್ನೇ ತುಂಬತೊಡಗಿದಳು.

“ಏನ ಮಾಡಾಕತ್ತಿ?” ಗುಂಡು ಹಿಂದಿನಿಂದ ಕೇಳಿದ.

“ಕೊಲ್ಹಾಪುರಕ್ಕ ಹೊಂಟೇನಿ. ಆ ಸಾಹೇಬ್ರ ಟೇಬಲ್ ಮ್ಯಾಲ ಸುರೀತೇನಿ.”

“ನನ್ನ ಕೆಲಸ ಹೋಗತೈತಿ, ಶೆವಂತಾ.”

“ಗೊತ್ತೈತ್ರಿ.”

ಗುಂಡು ಬಾಗಿಲತ್ತ ನೋಡಿದ. ಆಮೇಲೆ ಬಗ್ಗಿ ಅವಳ ಚೀಲದಿಂದ ಚಪ್ಪಲಿ ತೆಗೆದು ಒಗೆದ. “ಇಂಥಾವು ಎಲ್ಲಾ ಕಡೆ ಸಿಗತಾವ ಅಂತಾರ ಸಾಹೇಬ್ರು.” ರಾಶಿಯ ಅಡಿಯಿಂದ, ಆ ಕಸ ತುಂಬಿ ಬಂದಿದ್ದ ಒಂದು ಖಾಲಿ ಗೋಣಿಚೀಲ ಎಳೆದ. ಅದಕ್ಕೆ ಹೊಲಿದ ಚೀಟಿಯಲ್ಲಿ ಕಾರಖಾನೆಯ ಹೆಸರಿತ್ತು. ಅದನ್ನು ಮಡಚಿ ಅವಳ ಚೀಲದಲ್ಲಿಟ್ಟು, ಬಾಯ್ಲರಿನ ಬಾಗಿಲಿಗೆ ತಿರುಗಿದ. ಅವನು ನೆರವಾದನೋ, ತನ್ನನ್ನು ಅಲ್ಲಿಂದ ಸಾಗಹಾಕಿದನೋ, ಅವಳಿಗೆ ಅರ್ಥವಾಗಲಿಲ್ಲ.

ಕೊಲ್ಹಾಪುರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಏನೈತೆವ್ವಾ ಅದರಾಗ?”

ಶೆವಂತಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕುಳಿತಳು.