ಗೊರಸಿನ ಸಿಂಹ

ಅಂಕಯ್ಯನವರ ಮನೆಯ ಫೋಟೊ ಹಿಡಿದು, ಅದರ ಕೆಳಗೆ ನಿಮ್ಮಪ್ಪನ ಹೆಸರು ಅಚ್ಚು ಹಾಕಿಸುತ್ತೇನೆ ಎಂದು ಶಿವಲಕ್ಷ್ಮಿ ದಾಸಮ್ಮನಿಗೆ ಮಾತು ಕೊಟ್ಟು ಇಪ್ಪತ್ತನಾಲ್ಕು ವರ್ಷವಾಗಿತ್ತು.

ಆಗ ಅವಳಿಗೆ ಹದಿನೇಳು. ಮಾಗಡಿಯಲ್ಲಿ ಅವಳ ಅಪ್ಪನ ಸ್ಟುಡಿಯೊ ಇತ್ತು. ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಕ್ಯಾಮೆರಾ ಎತ್ತಿಕೊಂಡು ಬೀದಿ ಬೀದಿ ಸುತ್ತಿ ಹಳೆಯ ಮನೆಗಳ ಚಿತ್ರ ಹಿಡಿಯುವ ಹುಚ್ಚು ಅವಳಿಗೆ. ಮದುವೆ ರೀಲಿನ ಕೊನೆಗೆ ಉಳಿದ ಎರಡೋ ಮೂರೋ ಚಿತ್ರ ಅವಳ ಪಾಲು. ಆವತ್ತು ಅಂಕಯ್ಯನವರ ಮನೆ ಎದುರು ಬಂದು ನಿಲ್ಲುವಷ್ಟರಲ್ಲಿ ಅದೂ ಮುಗಿದಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಗುಡೇಮಾರನಹಳ್ಳಿ ಬಸ್ಸಿಗೆ ಕಾಯುತ್ತಾ ಕೂತಿದ್ದ ಹೆಂಗಸೊಬ್ಬಳು, "ಏನ್ ಮಗ, ಸಿಂವ ನೋಡ್ತಿದ್ದೀಯಾ? ಅದರ ಕಾಲ್ ನೋಡು ಒಸಿ" ಅಂದಳು. ಅವಳೇ ದಾಸಮ್ಮ.

ತಾರಸಿಯ ಮುಂಗೋಡೆಯ ಎರಡು ತುದಿಗೆ ಎರಡು ಗಾರೆಯ ಸಿಂಹ. ನಡುವೆ ಉಬ್ಬು ಅಕ್ಷರದಲ್ಲಿ 'ಅಂಕಯ್ಯ ನಿಲಯ, ೧೯೫೧'. ಸಿಂಹದ ಕೇಸರ ಸರಿಯಾಗಿತ್ತು, ತೆರೆದ ಬಾಯಿ ಸರಿಯಾಗಿತ್ತು, ಬಾಲ ಬೆನ್ನ ಮೇಲೆ ಚೆನ್ನಾಗಿಯೇ ಸುತ್ತಿಕೊಂಡಿತ್ತು. ಕಾಲಿಗೆ ಬಂದರೆ ಪಂಜವಿಲ್ಲ, ಉಗುರಿಲ್ಲ. ನಡುವೆ ಸೀಳಿದ ಗೊರಸು, ಥೇಟ್ ಟಗರಿನದು.

"ನಮ್ಮಪ್ಪ ಮಾಡಿದ್ದು, ಲಕ್ಷ್ಮಯ್ಯ ಅಂತ. ಕುರಿ ಕಾಯೋರ ಮನೇಲಿ ಹುಟ್ಟಿ ಗಾರೆ ಕೆಲ್ಸ ಕಲ್ತೋನು. ಸಿಂವ ಎಲ್ಲಿ ನೋಡಿದ್ದಾನು? ದೇವಿ ಕ್ಯಾಲೆಂಡರ್ ನೋಡ್ಕಂಡು ಮುಖ ಮಾಡ್ದ. ಅದ್ರಾಗೆ ಕಾಲು ಹುಲ್ಲೊಳಗೆ ಮುಚ್ಕಂಡಿತ್ತು. ಗೊರಸೇ ಇರಬೇಕು ಅಂತ ಹಾಕ್ಬುಟ್ಟ."

"ನಾಯಿಗೆ, ಬೆಕ್ಕಿಗೆ ಗೊರಸೈತಾ ಅಜ್ಜಿ?"

"ದೇವಿ ಕೂರೋ ಪ್ರಾಣಿಗೆ ನಾಯಿ ಕಾಲು ಹಾಕಕ್ಕಾಯ್ತದಾ? ನೀನೇ ಯೋಳು."

ಶಿವಲಕ್ಷ್ಮಿಗೆ ನಗು ಬಂತು. ಆ ನಗುವಿನ ಭರದಲ್ಲೇ ಮಾತು ಕೊಟ್ಟಳು. ಬಸ್ಸು ಬಂತು, ದಾಸಮ್ಮ ಹತ್ತಿಕೊಂಡು ಹೋದಳು.

ಆಮೇಲೆ ಅಪ್ಪ ತೀರಿಕೊಂಡ, ರೀಲು ಹೋಗಿ ಮೆಮೊರಿ ಕಾರ್ಡು ಬಂತು, ಸ್ಟುಡಿಯೊ ಶಿವಲಕ್ಷ್ಮಿಯ ತಲೆಗೆ ಬಂತು. ಮದುವೆಯಾಗಿ ಎರಡು ಮಕ್ಕಳಾದವು. ಬೆಳಿಗ್ಗೆ ಡಬ್ಬಿ ಕಟ್ಟಿ, ವ್ಯಾನು ಹತ್ತಿಸಿ, ಹತ್ತು ಗಂಟೆಗೆ ಬಾಗಿಲು ತೆರೆದರೆ ಆಧಾರ್ ಕಾರ್ಡಿನ ಮುಖಗಳು, ನಾಮಕರಣ, ಬೀಗರೂಟ. ವಾರಕ್ಕೆರಡು ಸಲವಾದರೂ ಆ ಮನೆಯ ಮುಂದೆ ಹಾದು ಹೋಗುತ್ತಿದ್ದಳು. ಕೊಟ್ಟ ಮಾತು ನೆನಪಾಗುತ್ತಿತ್ತು. ನಾಳೆ ಹಿಡಿದರಾಯಿತು ಅಂದುಕೊಳ್ಳುತ್ತಿದ್ದಳು. ಮನೆ ಎಲ್ಲಿಗೆ ಹೋಗುತ್ತದೆ?

ಹೋದ ವರ್ಷ ರಾಮನಗರದ ಒಂದು ಸಂಸ್ಥೆಯವರು ನಾಲ್ಕು ತಾಲ್ಲೂಕಿನ ಹಳೆಯ ಕಟ್ಟಡಗಳ ಪುಸ್ತಕ ಮಾಡುತ್ತೇವೆ, ಚಿತ್ರ ಹಿಡಿದು ಒಂದೊಂದಕ್ಕೂ ಅರ್ಧ ಪುಟ ಕಥೆ ಬರೆದು ಕೊಡಿ ಎಂದು ಅವಳನ್ನು ಕೇಳಿದರು. ಭಾನುವಾರ ಬಂದರೆ ಸ್ಕೂಟರ್ ಹತ್ತಿ ಹೊರಡುವುದು ಅಭ್ಯಾಸವಾಯಿತು. ಹೊಂಗನೂರಿನಲ್ಲಿ ಹಳೆಯ ರೇಷ್ಮೆ ಹುಳುಮನೆಯೊಂದಕ್ಕೆ ಮೂರು ಸಲ ಹೋಗಬೇಕಾಯಿತು. ಹುಳ ಪೊರೆ ಬಿಡಲು ಜ್ವರಕ್ಕೆ ಕೂತಿವೆ, ಹೊರಗಿನವರು ಒಳಗೆ ಬರುವ ಹಾಗಿಲ್ಲ ಎಂದು ಎರಡು ಸಲ ಬಾಗಿಲಿನಿಂದಲೇ ವಾಪಸ್ಸು ಕಳಿಸಿದರು. ಉಯ್ಯಂಬಳ್ಳಿ ಕಡೆಯ ಒಂದು ಚಾವಡಿಯ ಕಂಬದ ಬಗ್ಗೆ ಅಣ್ಣತಮ್ಮಂದಿರಿಬ್ಬರು ಅವಳ ಎದುರಿಗೇ ಜಗಳವಾಡಿ, ಕೊನೆಗೆ ನಿಮಗೆ ಬೇಕಾದ್ದು ಬರಕೊಳ್ಳಿ ಎಂದು ಕಾಫಿ ಕೊಟ್ಟರು. ಹೀಗೆ ಮೂವತ್ತೈದಾಯಿತು. ಉಳಿದವುಗಳಲ್ಲಿ ಅಂಕಯ್ಯನವರ ಮನೆ ಒಂದು.

ಸಂಸ್ಥೆಯದ್ದು ಒಂದೇ ಷರತ್ತು. ಚಿತ್ರ, ಕಥೆ ಎರಡನ್ನೂ ಮನೆಯವರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಬರಬೇಕು.

ಮನೆಯ ಈಗಿನ ಯಜಮಾನ ಚಿಕ್ಕರಾಜು, ಅಂಕಯ್ಯನವರ ಮೊಮ್ಮಗ. ಒಳ್ಳೆಯ ಮನುಷ್ಯ. ಮಾಘದಲ್ಲಿ ಅವನ ಮಗಳ ಮದುವೆ. ಮೂರು ದಿನದ ಫೋಟೊ, ವಿಡಿಯೊ ಎಲ್ಲ ಶಿವಲಕ್ಷ್ಮಿಗೇ ಒಪ್ಪಿಸಿದ್ದ. ಅವಳು ತನ್ನ ದೊಡ್ಡ ಮಗಳನ್ನು ಪಿಯುಸಿ ಮುಗಿದ ಮೇಲೆ ಮೈಸೂರಿನ ಹಾಸ್ಟೆಲಿಗೆ ಕಳಿಸುವುದು ಆ ಮದುವೆಯನ್ನು ನೆಚ್ಚಿಕೊಂಡೇ.

ಅವಳು ಕ್ಯಾಮೆರಾ ತೆಗೆದುಕೊಂಡು ಹೋದ ದಿನ ಮನೆಗೆ ಸಾರ್ವೆ ಕಟ್ಟಿತ್ತು.

"ನಿಧಾನ ಅಕ್ಕಾ, ಆ ಬೊಂಬು ಸಡ್ಲ ಐತೆ," ಎಂದು ಮೇಲಿನಿಂದ ಆಫ್ತಾಬ್ ಹೇಳಿದ. ಚನ್ನಪಟ್ಟಣದವನು. ಮೊದಲು ಬೊಂಬೆ ಕಡೆಯುತ್ತಿದ್ದ, ಈಗ ಹಳೆಯ ಮನೆಗಳ ಗಾರೆ ಕೆಲಸ ರಿಪೇರಿ ಮಾಡುತ್ತಾನೆ.

"ಏನ್ ಮಾಡ್ತಿದ್ದೀರ ಭಾಯಿ?"

"ಸಿಂಹಕ್ಕೆ ಚಪ್ಪಲಿ ಬದಲಾಯಿಸ್ತಾ ಇವ್ನಿ. ಪುಸ್ತಕದಲ್ಲಿ ಬತ್ತದಂತಲ್ಲ, ನೋಡ್ದೋರು ನಗಬಾರ್ದು ಅಂತ ಓನರ್ರು ಹೇಳವ್ರೆ."

ಎಡಗಡೆಯ ಸಿಂಹಕ್ಕೆ ಆಗಲೇ ಸಿಮೆಂಟಿನ ಉಗುರು ಮೂಡಿತ್ತು. ಬಲಗಡೆಯದಕ್ಕೆ ಇನ್ನೂ ಗೊರಸು.

"ಇದನ್ನ ಒಸಿ ಹೊತ್ತು ಮುಟ್ಬೇಡಿ."

"ನಂಗೇನು ಆತುರ ಇಲ್ಲ ಅಕ್ಕಾ. ಆ ಕಡೇದು ಒಡೆಯೋಕೆ ಎರಡು ದಿನ ಹಿಡೀತು. ಮೂರು ಉಳಿ ಮೊಂಡಾದೊ. ಯಾಕೆ ಅಂತ ನೋಡಿ." ಅವನು ಕೆಳಗಿಳಿದು ಬಂದು ಒಡೆದ ಗೊರಸಿನ ತುಂಡೊಂದನ್ನು ಅವಳ ಕೈಗಿಟ್ಟ. ಒಡೆದ ಕಡೆ ಕೂದಲಿನಂಥ ಕಪ್ಪು ಎಳೆಗಳು ಹೊರಚಾಚಿದ್ದವು. "ಸಣಬು ಹಾಕಿರೋದು ನೋಡಿವ್ನಿ, ತೆಂಗಿನ ನಾರು ನೋಡಿವ್ನಿ. ಇದು ಎರಡೂ ಅಲ್ಲ. ತಮಿಳು ಸೀಮೆ ಕುಂಭಕೋಣದೋರ ಕೆಲಸ ಅಂತಾರೆ ಓನರ್ರು. ಆ ಕಡೇರ ಕೆಲಸದಾಗೆ ನಾನಂತೂ ಇದನ್ನ ಕಂಡಿಲ್ಲಪ್ಪ."

ಶಿವಲಕ್ಷ್ಮಿ ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಸಾರ್ವೆ ಹತ್ತಿದಳು. ಓರೆ ಬಿಸಿಲು ಗೊರಸಿನ ಸೀಳಿಗೆ ನೇರವಾಗಿ ಬೀಳುತ್ತಿತ್ತು. ಹನ್ನೊಂದು ಚಿತ್ರ ಹಿಡಿದಳು. ಅವಳು ಇಳಿದು ಬಂದ ಮೇಲೆ ಆಫ್ತಾಬ್ ಉಳಿ ಕೈಗೆತ್ತಿಕೊಂಡ.

ಜಗಲಿಯಲ್ಲಿ ಚಿಕ್ಕರಾಜು ಕಾಫಿ ತರಿಸಿದ, ಕಥೆ ಹೇಳಿದ. ಕುಂಭಕೋಣದಿಂದ ಇಬ್ಬರು ಬಂದಿದ್ದರು, ಆರು ತಿಂಗಳು ಇದೇ ಮನೆಯಲ್ಲಿ ಉಂಡರು, ಹೋಗುವಾಗ ತಾತ ಇಬ್ಬರಿಗೂ ಕಡಗ ತೊಡಿಸಿದರು. ಅವಳು ಎಲ್ಲವನ್ನೂ ಬರೆದುಕೊಂಡಳು.

"ಗುಡೇಮಾರನಹಳ್ಳಿ ಲಕ್ಷ್ಮಯ್ಯ ಅಂತ ಒಬ್ಬರು ಕೆಲಸ ಮಾಡಿದ್ರಂತಲ್ಲ ಅಣ್ಣ?"

"ಇರಬೋದು ತಾಯಿ. ಮಣ್ಣು ಹೊರೋಕೆ ನೂರು ಜನ ಬಂದವ್ರೆ. ಹೊತ್ತೋರ ಹೆಸರೆಲ್ಲ ಯಾರು ಬರಕೊಂಡವ್ರೆ?" ಎಂದ. ಹೀಯಾಳಿಸಿದ ಹಾಗೇನೂ ಇರಲಿಲ್ಲ. "ಅದಿರ್ಲಿ, ಮದುವೇಲಿ ಡ್ರೋನ್ ಹಾರಿಸ್ತೀರ ತಾನೆ?"

ಮುಂದಿನ ಭಾನುವಾರ ಆ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಗುಡೇಮಾರನಹಳ್ಳಿಗೆ ಹೋದಳು. ದಾಸಮ್ಮನಿಗೆ ಎಂಬತ್ತನಾಲ್ಕು. ಕುರಿ ದೊಡ್ಡಿಯ ಮುಂದೆ ಕೂತು ಮರಿಯೊಂದರ ಕಿವಿಯಿಂದ ಉಣ್ಣೆಹುಳ ಕೀಳುತ್ತಿದ್ದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಓ, ಪಟ ಹಿಡಿಯೋ ಮಗೀನಾ. ಬಂದ್ಯಾ? ನಾನು ಸತ್ತೋದ್ಮೇಕೆ ಬತ್ತೀಯ ಅಂದ್ಕಂಡಿದ್ದೆ."

ತುಂಡನ್ನು ತಿರುಗಿಸಿ ನೋಡಿದಳು, ಮೂಸಿದಳು, ಎಳೆಯೊಂದನ್ನು ಕಿತ್ತು ಬೆರಳಲ್ಲಿ ಹೊಸೆದಳು.

"ಕುರಿ ತುಪ್ಪಟ. ಕರಿ ಕುರೀದು. ಗಾರೆ ಬಿರೀಬಾರ್ದು ಅಂತ ನಮ್ಮಪ್ಪ ಹಾಕೋನು, ಬ್ಯಾರೆ ಯಾರೂ ಹಾಕ್ತಿರ್ಲಿಲ್ಲ. ಬಿಡಿಸಿ ಬಿಡಿಸಿ ಕೊಟ್ಟೋಳು ನಾನೇಯ. ಹನ್ನೊಂದು ವರ್ಸದೋಳು. ಸುಣ್ಣಕ್ಕೆ ಕೈ ಬೆಳ್ಳೆಲ್ಲ ಬೆಂದೋಗಿದ್ದೊ."

"ಮತ್ತೆ ಕುಂಭಕೋಣದೋರು ಅಂತಾರಲ್ಲ ಅಜ್ಜಿ, ಅದೆಲ್ಲಿಂದ ಬಂತು?"

ದಾಸಮ್ಮ ಮರಿಯನ್ನು ಬಿಟ್ಟಳು. "ಹೊಸ ಮನೆ ಒಕ್ಲಾದ ದಿನ ಬಂದಿದ್ದೋರೆಲ್ಲ ಕತ್ತೆತ್ತಿ ನೋಡಿ ನಗಾಡುದ್ರು, ಇದೇನ್ ಸಿಂವನೋ ಟಗರೋ ಅಂತ. ಅಂಕಯ್ಯನೋರ್ಗೆ ಮರ್ವಾದೆ ಹೋದಂಗಾಯ್ತು. ನಗ್ಬೇಡಿ ಕಣ್ರಪ್ಪ, ಇದು ಕುಂಭಕೋಣದ ಕೆಲ್ಸ, ಆ ಕಡೆ ಸಿಂವ ಇಂಗೇಯ ಅಂದ್ಬುಟ್ರು. ನಮ್ಮಪ್ಪ ಅಲ್ಲೇ ಎಲೆ ಮುಂದೆ ಕೂತಿದ್ದ. ಎದ್ದು ಬಂದ. ಆಮೇಕೆ ಸಂತೆಗೆ ಹೋದ್ರೂ ಆ ಬೀದಿ ಬುಟ್ಟು ಸುತ್ತಾಕ್ಕಂಡು ಹೋಗೋನು."

ಶಿವಲಕ್ಷ್ಮಿ ಅವಳ ಕೈಯಿಂದ ತುಂಡು ತೆಗೆದುಕೊಂಡು ಮತ್ತೆ ಕಾಗದದಲ್ಲಿ ಸುತ್ತಿದಳು.

"ತಪ್ಪು ಮಾಡಿದ್ದು ಅವ್ನೇಯ, ಇಲ್ಲ ಅನ್ನಾಕಿಲ್ಲ. ಆ ತಪ್ಪಾದ್ರೂ ಅವನ ಹೆಸರಲ್ಲಿರ್ಲಿ ಅಂತ ನಂಗೆ. ಅಷ್ಟೇ ಕಣವ್ವ."

ಅರ್ಧ ಪುಟ ಬರೆಯಲು ಶಿವಲಕ್ಷ್ಮಿಗೆ ಮೂರು ದಿನ ಹಿಡಿಯಿತು. ಕ್ಯಾಲೆಂಡರು, ಹುಲ್ಲು, ತುಪ್ಪಟ, ಗೃಹಪ್ರವೇಶದ ದಿನದ ಊಟ ಎಲ್ಲ ಬಂತು. ಕೆಳಗೆ 'ಗಾರೆ ಕೆಲಸ: ಗುಡೇಮಾರನಹಳ್ಳಿಯ ಲಕ್ಷ್ಮಯ್ಯ' ಎಂದು ದಪ್ಪಕ್ಷರದಲ್ಲಿ ಹಾಕಿದಳು.

ಮದುವೆ ಆಲ್ಬಮ್ಮಿನ ಮಾದರಿ ನೋಡಲು ಚಿಕ್ಕರಾಜು ಸ್ಟುಡಿಯೊಗೆ ಬಂದಾಗ ಆ ಹಾಳೆ ಕೊಟ್ಟಳು. ಅವನು ನಿಂತೇ ಓದಿದ. ಆಮೇಲೆ ಕೂತು ಇನ್ನೊಮ್ಮೆ ಓದಿದ.

"ಗೊರಸಿನ ಫೋಟೊ ಹಾಕ್ಕೊಳಿ ತಾಯಿ, ಬೇಡ ಅನ್ನಲ್ಲ. ಚೆನ್ನಾಗೇ ಬಂದೈತೆ. ಆದ್ರೆ ನಮ್ ತಾತ ಊಟಕ್ಕೆ ಕೂತ ಜನದ ಮುಂದೆ ಸುಳ್ಳು ಹೇಳಿದ್ರು ಅಂತ ನಾನೇ ಸೈನ್ ಹಾಕ್ಲಾ? ನಾಳೆ ಬೀಗರು ಓದೋ ಪುಸ್ತಕದಲ್ಲಿ?"

"ಊಟದ ಸಂಗತಿ ತೆಗೀತೀನಿ ಅಣ್ಣ. ಹೆಸರೊಂದು ಇರ್ಲಿ."

"ಹೆಸರಿದ್ರೆ ಮಿಕ್ಕಿದ್ದು ಜನ ಕೇಳ್ತಾರೆ."

"ಯಾರು ಮಾಡಿದ್ದು ಗೊತ್ತಿಲ್ಲ ಅಂತ ಹಾಕ್ಲಾ?"

"ಗೊತ್ತಿದೆಯಲ್ಲ," ಎಂದ ಚಿಕ್ಕರಾಜು. "ಕುಂಭಕೋಣದೋರು."

ಮದುವೆ ಕೆಲಸದ ಮಾತೆತ್ತಲಿಲ್ಲ. ಬೆದರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. ಆಲ್ಬಮ್ಮಿನ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಾ ಕೂತ. ಪುಟವನ್ನೇ ಬಿಟ್ಟುಬಿಡುತ್ತೇನೆ ಎಂದು ಹೇಳುವುದಕ್ಕೆ ಶಿವಲಕ್ಷ್ಮಿಗೆ ಅಷ್ಟೂ ಹೊತ್ತು ಅವಕಾಶವಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಹಾಸ್ಟೆಲಿನವರು ಕೊಟ್ಟ ಕೊನೆಯ ದಿನಾಂಕ ಗೋಡೆಯ ಮೇಲೆ ಅಂಟಿಸಿತ್ತು. ಚಿಕ್ಕ ಮಗನ ಶಾಲೆಯ ವ್ಯಾನು ಬರುವ ಹೊತ್ತಾಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದವಳು ಮಧ್ಯಾಹ್ನದ ಊಟ ಇನ್ನೂ ಮಾಡಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಅರ್ಧ ಪುಟ ಅಳಿಸಿದಳು. ಜಗಲಿಯಲ್ಲಿ ಬರೆದುಕೊಂಡಿದ್ದನ್ನು ಇದ್ದ ಹಾಗೇ ಟೈಪು ಮಾಡಿದಳು. ಹತ್ತು ನಿಮಿಷದ ಕೆಲಸ. ಚಿಕ್ಕರಾಜು ಓದಿ ಸಹಿ ಹಾಕಿದ.

ಮಾಘದಲ್ಲಿ ಮದುವೆ ಚೆನ್ನಾಗಿ ಆಯಿತು. ಡ್ರೋನ್ ಹಾರಿತು. ಪಿಯುಸಿ ಮುಗಿಸಿ ಶಿವಲಕ್ಷ್ಮಿಯ ಮಗಳು ಮೈಸೂರಿಗೆ ಹೋದಳು.

ಪುಸ್ತಕ ಬಂದ ಮೇಲೆ ಒಂದು ಪ್ರತಿ ಹಿಡಿದುಕೊಂಡು ಶಿವಲಕ್ಷ್ಮಿ ಬಸ್ಸಿನಲ್ಲಿ ಗುಡೇಮಾರನಹಳ್ಳಿಗೆ ಹೋದಳು. ಕಳಿಸಿದ್ದರೂ ಆಗುತ್ತಿತ್ತು. ಪುಟ ತೆಗೆದು ತೊಡೆಯ ಮೇಲಿಟ್ಟಾಗ ದಾಸಮ್ಮ ಗೊರಸಿನ ಮೇಲೆ ಕೈಯಾಡಿಸಿದಳು. ಕೆಳಗಿನ ಅಕ್ಷರಗಳ ಕಡೆ ಬೆರಳು ತೋರಿಸಿ, "ಇದ್ರಾಗೆ ನಮ್ಮಪ್ಪಂದು ಯಾವ್ದು?" ಎಂದಳು.

ಅವಳಿಗೆ ಓದು ಬರುತ್ತಿರಲಿಲ್ಲ. ಯಾವ ಅಕ್ಷರ ತೋರಿಸಿದ್ದರೂ ನಡೆಯುತ್ತಿತ್ತು.

"ಇಲ್ಲ ಅಜ್ಜಿ. ಹಾಕ್ಲಿಲ್ಲ."

"ಮತ್ಯಾರ್ದು ಹಾಕಿದ್ದೀಯ?"

"ಕುಂಭಕೋಣದೋರು ಅಂತ."

"ಇನ್ನೂ ಅದೇಯಾ," ಎಂದಳು ದಾಸಮ್ಮ. ಪುಸ್ತಕ ಮುಚ್ಚಿ ವಾಪಸ್ಸು ಕೊಟ್ಟಳು. ಇಟ್ಟುಕೊಳ್ಳಿ ಎಂದರೂ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಮಗು ಹರಿದು ಹಾಕುತ್ತದೆ ಅಂದಳು. ಮುದ್ದೆ ಐತೆ ಉಂಡು ಹೋಗು ಎಂದು ಕರೆದಳು. ಬಸ್ಸಿಗೆ ಹೊತ್ತಾಯಿತು ಎಂದು ಶಿವಲಕ್ಷ್ಮಿ ಎದ್ದಳು.

ಪುಸ್ತಕದ ಮೂವತ್ತಾರನೆಯ ಪುಟದಲ್ಲಿ ಸಿಂಹದ ಗೊರಸಿನ ಚಿತ್ರವಿದೆ. ಲಕ್ಷ್ಮಯ್ಯನ ಹೆಸರಿಲ್ಲ. ಶಿವಲಕ್ಷ್ಮಿ ಕೊಟ್ಟ ಮಾತನ್ನು ನಡೆಸಲಿಲ್ಲ.